ಮೂರು ತಾಸು ನಿಂತು ನುಡಿಸಲು ಯಾವ ಬೇಸ್ ಗಿಟಾರ್ ಆರಾಮ? ನೆಕ್ ಯಾಕೆ ಕೆಳಗೆ ಜಗ್ಗುತ್ತದೆ?

ಬೆಳಗಾವಿಯಲ್ಲಿ ಗಣಪತಿ ಮಂಡಳದ ಆರ್ಕೆಸ್ಟ್ರಾಕ್ಕೆ ಮೂರು ತಾಸು ನಿಂತು ನುಡಿಸುತ್ತೀರಿ, ಭಜನೆಗೆ ಜಮಖಾನೆ ಮೇಲೆ ಕೂತು ನುಡಿಸುತ್ತೀರಿ. ಈಗಿರುವ ಎಸ್‌ಜಿ ಆಕಾರದ (ತೆಳು ಬಾಡಿ, ಗಿಡ್ಡ ಕೊಂಬಿನ) ಬೇಸ್‌ನ ತಲೆ ಕೆಳಗೆ ಜಗ್ಗಿ ಎಡ ಮಣಿಕಟ್ಟು ನೋಯುತ್ತದೆ, ಇನ್ನೂ ಹಗುರದ್ದು ತಗೊಂಡರೆ ಸರಿಹೋದೀತೇ ಎಂದು ಕೇಳಿದ್ದೀರಿ.

ಹೋಗಲಿಕ್ಕಿಲ್ಲ ನೋಡ್ರಿ. ನಿಮ್ಮದು ಈಗಲೇ ಹಗುರ, ತೊಂದರೆ ಇರುವುದೂ ಅಲ್ಲೇ. ಬಾಡಿ ತೆಳು, ತಲೆಯಲ್ಲಿ ತಂತಿ ಬಿಗಿಯುವ ನಾಲ್ಕು ದಪ್ಪ ಕೀ. ಸಾಲದ್ದಕ್ಕೆ ಬೆಲ್ಟಿನ ಮುಂದಿನ ಗುಂಡಿ ನೆಕ್ (ಎಡಗೈ ಹಿಡಿಯುವ ಉದ್ದನೆಯ ಭಾಗ) ಬಾಡಿಗೆ ಸೇರುವ ಜಾಗದ ಹಿಂಬದಿ ಇದೆ. ಫೆಂಡರ್ ಪ್ರಿಸಿಶನ್ (1951) ಮತ್ತು ಜಾಝ್ (1960) ಬೇಸ್‌ಗಳಲ್ಲಿ ಮೇಲಿನ ಕೊಂಬು, ಅಂದರೆ ಬಾಡಿಯಿಂದ ನೆಕ್ ಕಡೆ ಚಾಚುವ ಭಾಗ, ಹೆಚ್ಚುಕಡಿಮೆ 12ನೇ ಫ್ರೆಟ್‌ವರೆಗೆ (ಫ್ರೆಟ್ ಅಂದರೆ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಬಂದಿದೆ, ಗುಂಡಿ ಅದರ ತುದಿಗೆ. ಗುಂಡಿ ಬಾಡಿ ಕಡೆ ಸರಿದಷ್ಟೂ ಇಡೀ ವಾದ್ಯ ನಿಮ್ಮ ಎಡಕ್ಕೆ ಸರಿದು ನಿಲ್ಲುತ್ತದೆ, ತಲೆಯ ಭಾರ ಗೆಲ್ಲುತ್ತದೆ. ಗಿಬ್ಸನ್ ಥಂಡರ್‌ಬರ್ಡ್ ಹಿಡಿದವರು ಗೊಣಗುವುದೂ ಇದಕ್ಕೇ. ನಾಲ್ಕು ಕಿಲೋದ, ತೂಕ ಸಮನಾಗಿರುವ ಬೇಸ್ ಮೂರು ಕಿಲೋದ ಜಗ್ಗುವ ಬೇಸ್‌ಗಿಂತ ಆರಾಮ, ಯಾಕೆಂದರೆ ಆ ನಾಲ್ಕು ಕಿಲೋ ಭುಜ ಹೊರುತ್ತದೆ. ಜಗ್ಗುವುದನ್ನು ಎಡಗೈ ಎತ್ತಿ ಹಿಡಿಯುತ್ತಲೇ ನುಡಿಸಬೇಕು.

ಅಂಗಡಿಯಲ್ಲಿ ಸ್ಟೂಲ್ ಮೇಲೆ ಕೂತು ನುಡಿಸಿ ನೋಡಿದರೆ ಇದು ತಿಳಿಯುವುದಿಲ್ಲ. ಬೆಲ್ಟ್ ಹಾಕಿ ನಿಲ್ಲ್ರಿ, ನೆಕ್ಕನ್ನು ಸುಮಾರು 30 ಡಿಗ್ರಿ ಮೇಲಕ್ಕೆತ್ತಿ ಎರಡೂ ಕೈ ನಿಧಾನ ಬಿಡ್ರಿ. ಅಲ್ಲೇ ನಿಂತರೆ ಒಳ್ಳೆಯದು, ನೆಲಕ್ಕೆ ಸಮಾಂತರ ಬಂದು ನಿಂತರೆ ನಡೆದೀತು, ಅದಕ್ಕಿಂತ ಕೆಳಗಿಳಿದರೆ ಬೇಡ. ಈ ಪರೀಕ್ಷೆಗೆ ಕಾರ್ಯಕ್ರಮದ ಅಂಗಿಯನ್ನೇ ಹಾಕಿಕೊಂಡು ಹೋಗ್ರಿ. ಹತ್ತಿ ಅಂಗಿ ಬೆಲ್ಟನ್ನು ಹಿಡಿದು ನಿಲ್ಲಿಸುತ್ತದೆ, ರೇಷ್ಮೆ ಜುಬ್ಬಾದ ಮೇಲೆ ಅದೇ ಬೆಲ್ಟ್ ಜಾರುತ್ತದೆ.

ಎಡಗೈ ಬೆರಳಿನ ಚಾಚು ಬೇರೆ ಲೆಕ್ಕ. 34 ಇಂಚಿನ ಸ್ಕೇಲಿನಲ್ಲಿ (ತಂತಿ ನುಡಿಯುವ ಉದ್ದ) 1ನೇ ಫ್ರೆಟ್‌ನಿಂದ 4ನೇ ಫ್ರೆಟ್ ಸುಮಾರು 130 ಮಿ.ಮೀ. ದೂರ, 30 ಇಂಚಿನಲ್ಲಿ 114. ಕೈ ಚಿಕ್ಕದಿದ್ದರೆ ಈ 16 ಮಿ.ಮೀ. ದೊಡ್ಡದೇ. ಹಾಗಿದ್ದರೆ ಫೆಂಡರ್ ಮಸ್ಟಾಂಗ್ ತರಹದ್ದನ್ನು ನೋಡ್ರಿ, ಸ್ಕೇಲು ಗಿಡ್ಡ ಇದ್ದರೂ ಅದಕ್ಕೆ ಕೊಂಬಿದೆ. ಜಾಝ್‌ನ ನೆಕ್ಕಿನ ಅಗಲ ನಟ್ (ತಲೆಯ ಬುಡದಲ್ಲಿ ತಂತಿ ಹಾಯುವ ಪಟ್ಟಿ) ಹತ್ತಿರ 38 ಮಿ.ಮೀ., ಪ್ರಿಸಿಶನ್ 41ರಿಂದ 44. ಉದ್ದ ಅಷ್ಟೇ ಇದ್ದರೂ ಜಾಝ್ ಕೈಗೆ ಸಣ್ಣ ಅನಿಸುತ್ತದೆ. ಐಬನೆಝ್ ಎಸ್‌ಆರ್ ಸಾಲಿನದು ನೆಕ್ಕೂ ತೆಳು, ಬಾಡಿಯೂ ಚಿಕ್ಕದು, ಕೊಂಬು ಉದ್ದ. ನಿಮ್ಮ ಕೆಲಸಕ್ಕೆ ನಾನು ಮೊದಲು ಹೇಳುವುದು ಅದನ್ನೇ.

ಹೊಸದು ಕೊಳ್ಳುವ ಮೊದಲು ಇರುವುದನ್ನೇ ಸರಿ ಮಾಡಿ ನೋಡ್ರಿ. ಮೊದಲಿಗೆ ಮೂರು ಇಂಚು ಅಗಲದ, ಒಳಮೈ ಒರಟು ಚರ್ಮದ ಬೆಲ್ಟ್. ಸಣ್ಣ ಜಗ್ಗಾಟಕ್ಕೆ ಅದೇ ಸಾಕು. ಸಾಲದಿದ್ದರೆ ಹಗುರ ಕೀ ಹಾಕಿಸ್ರಿ. ಒಂದಕ್ಕೆ 30 ಗ್ರಾಂ ಇಳಿದರೂ ನಾಲ್ಕಕ್ಕೆ 120 ಗ್ರಾಂ ಆಯ್ತು, ಅದೂ ನೆಕ್ಕಿನ ತುದಿಯಲ್ಲಿ ಇಳಿಯುವುದರಿಂದ ಪರಿಣಾಮ ದೊಡ್ಡದು. ಕೀ ತರಿಸುವ ಮೊದಲು ತಲೆಯ ತೂತಿನ ವ್ಯಾಸ ಅಳೆಯಿರಿ, ತೂತು ದೊಡ್ಡದಾದರೆ ಕೀ ಅಲುಗಿ ಶ್ರುತಿ ನಿಲ್ಲುವುದಿಲ್ಲ. ಬಾಲದ ಕಡೆ ಸೀಸ ಅಂಟಿಸುವವರಿದ್ದಾರೆ. ತಲೆ ಏಳುತ್ತದೆ ಖರೆ, ಭುಜಕ್ಕೆ ಹೊರೆ ಕೂಡುತ್ತದೆ. ಗುಂಡಿಯನ್ನು ಕೊಂಬಿನ ತುದಿಗೆ ಸರಿಸಬಹುದು, ಆದರೆ ಎಸ್‌ಜಿಯ ಕೊಂಬೇ ಗಿಡ್ಡ, ಸ್ವಲ್ಪವೇ ಸುಧಾರಿಸೀತು. ತೂತು ಕೊರೆಯುವಲ್ಲಿ ಮೊದಲು ಟೇಪ್ ಅಂಟಿಸ್ರಿ, ಇಲ್ಲದಿದ್ದರೆ ಪಾಲಿಶ್ ಸಿಡಿಯುತ್ತದೆ. ಸ್ಕ್ರೂಗಿಂತ ಸಣ್ಣ ತೂತು ಕೊರೆದು, ಸ್ಕ್ರೂಗೆ ಸಾಬೂನು ತಿಕ್ಕಿ ತಿರುಗಿಸ್ರಿ. ಹಳೆ ತೂತಿಗೆ ಫೆವಿಕಾಲ್ ಹಚ್ಚಿದ ಕಡ್ಡಿ ತುರುಕಿದರಾಯ್ತು.

ಭಜನೆಗೆ ತಲೆಯಿಲ್ಲದ, ಕೀಗಳು ಬಾಲದ ಕಡೆ ಇರುವ ಬೇಸ್ ಚೊಲೋ. ಜಗ್ಗುವುದಿಲ್ಲ, ಪಕ್ಕದ ತಬಲಾದವರ ಮೊಣಕೈಗೂ ತಾಗುವುದಿಲ್ಲ. ಆದರೆ ಸ್ಟೈನ್‌ಬರ್ಗರ್ ತರಹದ ಕಡ್ಡಿಪೆಟ್ಟಿಗೆ ಬಾಡಿ ತೊಡೆ ಮೇಲೆ ಸರಿಯಾಗಿ ಕೂರುವುದಿಲ್ಲ, ಸೊಂಟ ಕೊರೆದಿರುವ ಬಾಡಿಯದನ್ನೇ ಆರಿಸ್ರಿ. ಕೆಲವಕ್ಕೆ ಎರಡೂ ತುದಿಗೆ ಗುಂಡು ಇರುವ ತಂತಿಯೇ ಬೇಕು. ಮಾಮೂಲಿ ತಂತಿ ಹಿಡಿಯುತ್ತದೋ ಇಲ್ಲವೋ ಕೇಳಿಯೇ ತಗೊಳ್ರಿ. ಚಕ್ಕಳಮಕ್ಕಳ ಹಾಕಿ ಕೂತಾಗಲೂ ಬೆಲ್ಟ್ ತೆಗೆಯಬೇಡ್ರಿ. ಕೂತಾಗ ಬೇಸ್ ಎದೆಯ ಯಾವ ಎತ್ತರಕ್ಕಿರುತ್ತದೋ, ನಿಂತಾಗಲೂ ಅಲ್ಲೇ ಇರುವಂತೆ ಅಳತೆ ಕಟ್ಟಿಕೊಂಡರೆ ಮಣಿಕಟ್ಟಿನ ಕೋನ ಎರಡೂ ಕಡೆ ಒಂದೇ ಇರುತ್ತದೆ.