ಬ್ರಿಟನ್ನಿನಲ್ಲಿ ಸಮುದ್ರದಂಚಿನ ಬಂಡೆ ಹತ್ತುವುದು ಶುರುವಾದ ಕಾಲ ಹೇಗಿತ್ತು?

ಇದರ ಮುಖ್ಯ ಕಥೆ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನದು. ಅಟ್ಲಾಂಟಿಕ್ ಅಲೆಗಳು ನೇರವಾಗಿ ಬಂದು ಬಡಿಯುವ ಗ್ರಾನೈಟ್ ಕರಾವಳಿ ಅದು. ಅಲ್ಲಿನ ಬೋಸಿಗ್ರಾನ್ ಬಂಡೆಯನ್ನು 1902ರಲ್ಲಿ ಆರ್ಥರ್ ಆಂಡ್ರ್ಯೂಸ್ ಮತ್ತು ಅವರ ಸಹೋದರಿ ಎಲ್ಸಿ ಹತ್ತಿದರು, ಆ ದಾರಿಗೆ ಈಗಲೂ ಲೆಡ್ಜ್ ಕ್ಲೈಂಬ್ ಅಂತಲೇ ಹೆಸರು.

ಆಗಿನ ಸಾಮಾನು ನೋಡಿ: ಸೊಂಟಕ್ಕೆ ನೇರವಾಗಿ ಸುತ್ತಿ ಕಟ್ಟಿದ ನಾರಿನ ಹಗ್ಗ, ಅಷ್ಟೇ. ಮುಂದೆ ಹತ್ತುವವರು ಜಾರಿದರೆ ಆ ಹಗ್ಗವೇ ತುಂಡಾಗುವ ಭಯ, ಹಾಗಾಗಿ ಅವರು ಬೀಳಲೇಬಾರದು. ಬೆಟ್ಟ ಹತ್ತುವವರು ಮೊಳೆ ಹೊಡೆದ ಬೂಟು ಹಾಕುತ್ತಿದ್ದ ಕಾಲದಲ್ಲಿ ಆಂಡ್ರ್ಯೂಸ್ ರಬ್ಬರ್ ಅಡಿಯ ಟೆನಿಸ್ ಶೂ ಹಾಕಿಕೊಂಡರು, ಒರಟು ಗ್ರಾನೈಟ್ ಮೇಲೆ ಅದು ಚೆನ್ನಾಗಿ ಹಿಡಿಯುತ್ತದೆ, ನನ್ನ ಪ್ರಕಾರ ಅವರ ದೊಡ್ಡ ಕೊಡುಗೆ ಇದೇ. ಜೊತೆಗೆ ಉಬ್ಬರ ಇಳಿತದ ಲೆಕ್ಕವೂ ಬೇಕಲ್ವಾ, ನೀರು ಏರಿದರೆ ವಾಪಸ್ ದಾರಿಯೇ ಮುಚ್ಚುತ್ತದೆ.

ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಕಮಾಂಡೋಗಳೂ ಇಲ್ಲೇ ಹತ್ತುವುದನ್ನು ಕಲಿತರು.