ಬಹದ್ದೂರ್ ಎಲ್ಲಿಂದ ಬಂದ?

ಕೊಪ್ಪಳದ ಓದುಗರೊಬ್ಬರು ಬರೆದಿದ್ದಾರೆ: "ಮಗಳ ಆಫೀಸಿಗೆ ತುರ್ಕಿಯಿಂದ ಬಂದಿರುವ ಸಹೋದ್ಯೋಗಿಯ ಹೆಸರು ಬಹಾದಿರ್ ಅಂತೆ. ನಮ್ಮ ಬಹದ್ದೂರ್‌ಗೂ ಇದಕ್ಕೂ ನಂಟಿದೆಯೇ? ಸಂಸ್ಕೃತದ 'ಭದ್ರ'ದಿಂದ ಬಂದದ್ದು ಎನ್ನುವವರೂ ಇದ್ದಾರೆ, ಅರಬ್ಬಿ ಎನ್ನುವವರೂ ಇದ್ದಾರೆ."

ಸಂಪಾದಕರ ಉತ್ತರ: ಎರಡೂ ಒಂದೇ ಪದ. ಅದು ಭದ್ರವೂ ಅಲ್ಲ, ಅರಬ್ಬಿಯೂ ಅಲ್ಲ. ಮಧ್ಯ ಏಷ್ಯಾದ ಹುಲ್ಲುಗಾವಲಿನ ತುರ್ಕರು, ಮಂಗೋಲರು ಬಳಸುತ್ತಿದ್ದ 'ಬಗತುರ್' ಇದರ ಮೂಲ. ಅರ್ಥ ವೀರ, ಕಲಿ. ಹೆಸರಿನ ಹುಟ್ಟು ಹುಡುಕುವಾಗ ಇಂದಿನ ಉಚ್ಚಾರವನ್ನು ನಂಬಿದರೆ ದಾರಿ ತಪ್ಪುತ್ತದೆ. ಸಿಕ್ಕಷ್ಟು ಹಳೆಯ ರೂಪವನ್ನು ಮೊದಲು ಹಿಡಿಯಬೇಕು. 'ಬಗತುರ್' ಎಂದಾಗ ನಡುವೆ ಎದ್ದು ಕೇಳುವ 'ಗ' ಭದ್ರದಲ್ಲಿ ಎಲ್ಲಿದೆ? ಹೋಲಿಕೆ ಕಾಣುವುದು ಸವೆದ ರೂಪದಲ್ಲಿ ಮಾತ್ರ.

ಆ ಸವೆತವನ್ನೇ ನೋಡಿ. ಸ್ವರದ ನಂತರ ಬರುವ ಗಕಾರ ಸಡಿಲಾಗುವುದು ನಮಗೆ ಹೊಸದಲ್ಲ: ಮೈಸೂರು ಕಡೆ 'ಹೋಗ್ತೀನಿ' ಎನ್ನುವುದು 'ಹೋಯ್ತೀನಿ' ಆಗುತ್ತದೆ. ಹಾಗೆಯೇ ಮಂಗೋಲರ ಬಾಯಲ್ಲಿ ಗ ಬಿದ್ದು 'ಬಅತುರ್' ಆಯಿತು. ಅಕ್ಕಪಕ್ಕ ನಿಂತ ಎರಡು ಸ್ವರಗಳ ನಡುವೆ ಪಾರಸಿ ಭಾಷೆಯವರು ಹಕಾರ ತುಂಬಿ, ತಕಾರವನ್ನು ದಕಾರ ಮಾಡಿ 'ಬಹಾದುರ್' ಎಂದರು. ಕನ್ನಡಕ್ಕೆ ಬಂದಾಗ ನಾವು 'ಹಾ'ವನ್ನು ಮೊಟಕು ಮಾಡಿ, 'ದ'ವನ್ನು ಒತ್ತಿ, 'ಉ'ವನ್ನು ಎಳೆದು 'ಬಹದ್ದೂರ್' ಎಂದೆವು. ಬೇರೆ ದಿಕ್ಕಿಗೆ ಹೋದವೂ ಇವೆ: ಕಜಕ್‌ನ ಬಾತಿರ್, ಮಂಗೋಲಿಯದ ಬಾತರ್, ರಷ್ಯನ್ನಿನ ಬೊಗತೀರ್, ಹಂಗೇರಿಯನ್ನಿನ ಬಾತೊರ್. 1924ರಲ್ಲಿ ಮಂಗೋಲಿಯದ ರಾಜಧಾನಿಗೆ ಇಟ್ಟ ಉಲಾನ್‌ಬಾತರ್ ಎಂಬ ಹೆಸರಿನ ಅರ್ಥ 'ಕೆಂಪು ವೀರ'.

ಮೊದಲು ಇದು ಬಿರುದು, ಆಮೇಲೆ ಹೆಸರು. ಚೆಂಗೀಸ್ ಖಾನನ ತಂದೆ ಯೆಸುಗೈ ಬಗತುರ್. ಇಲ್ಲಿ ಅವನ ಹೆಸರು ಯೆಸುಗೈ, ಬಗತುರ್ ಬಿರುದು. 1637ರಿಂದ 1641ರವರೆಗೆ ಕ್ರೈಮಿಯವನ್ನು ಆಳಿದ ಖಾನನಿಗೆ ಬಹಾದಿರ್ ಎಂಬುದೇ ಹೆಸರು. ಭಾರತದಲ್ಲಿ ಬಿರುದಿನ ಬಳಕೆಯೇ ಗಟ್ಟಿಯಾಗಿ ಉಳಿಯಿತು. ಬ್ರಿಟಿಷರು ಕೂಡ ರಾವ್ ಬಹದ್ದೂರ್, ಖಾನ್ ಬಹದ್ದೂರ್ ಎಂದು ಹಂಚಿದರು. 'ಹೈದರ್ ಅಲಿ ಖಾನ್ ಬಹದ್ದೂರ್' ಎಂಬುದನ್ನು ಬಿಡಿಸಿ ನೋಡುವುದು ನಮಗೆ ಬಹಳ ಇಷ್ಟ: ಹೈದರ್ (ಸಿಂಹ), ಅಲಿ (ಉನ್ನತ) ಅರಬ್ಬಿ, ಖಾನ್, ಬಹದ್ದೂರ್ ಹುಲ್ಲುಗಾವಲಿನವು. ಎರಡು ಲೋಕಗಳು ಶ್ರೀರಂಗಪಟ್ಟಣದ ಒಬ್ಬನೇ ವ್ಯಕ್ತಿಯ ಹೆಸರಿನಲ್ಲಿ ಕೂಡಿವೆ. ನಿಮ್ಮೂರ ಪಕ್ಕದ ಬಹದ್ದೂರಬಂಡಿಯಲ್ಲೂ ಇದೇ ಪದ ಕೂತಿದೆ.

ಒಂದು ಎಚ್ಚರಿಕೆ. ಚೆಂಗೀಸನ ಮೊಮ್ಮಗ ಬಾತು ಖಾನನ ಹೆಸರನ್ನು ಇದರ ಜೊತೆ ಕಟ್ಟಬೇಡಿ. ಮಂಗೋಲ್ ಭಾಷೆಯ 'ಬತು' ಎಂದರೆ ಗಟ್ಟಿ, ಅದು ಬೇರೆ ಪದ.

ಇನ್ನು ಮಗಳ ಸಹೋದ್ಯೋಗಿಯನ್ನು ಕರೆಯುವ ಬಗೆ. ತುರ್ಕಿಯವರು ಆ ಹೆಸರಿನ ಕೊನೆಯ ಸ್ವರವನ್ನು ಇಂಗ್ಲಿಷಿನ 'ಐ'ಯಂತಿದ್ದು ಮೇಲೆ ಚುಕ್ಕೆಯಿಲ್ಲದ ಅಕ್ಷರದಿಂದ (ı) ಬರೆಯುತ್ತಾರೆ. ಅದು ನಮ್ಮ 'ಇ' ಅಲ್ಲ. ಆ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲದ್ದರಿಂದ 'ಬಹಾದಿರ್' ಎಂದು ಬರೆಯುತ್ತೇವೆ, ಅಷ್ಟೆ. 'ಉ' ಎನ್ನಲು ನಾಲಿಗೆಯನ್ನು ಹಿಂದಕ್ಕೆ ಎಳೆಯಿರಿ, ಆದರೆ ತುಟಿ ದುಂಡಗೆ ಮಾಡದೆ ಅಗಲವಾಗಿಯೇ ಇಡಿ. ಆಗ ಹೊರಡುವ ದನಿಯನ್ನು 'ದ್' ಮತ್ತು 'ರ್' ನಡುವೆ ಇಟ್ಟು, ದಕಾರಕ್ಕೆ ಒತ್ತು ಕೊಡದೆ ಕರೆಯಲು ಮಗಳಿಗೆ ಹೇಳಿ.