ಜೈಲಿನಲ್ಲಿರುವವರನ್ನು ನೋಡಲು ನೆಂಟರೇ ಆಗಿರಬೇಕಾ?

ಪ್ರಶ್ನೆ: ನನ್ನ ತಮ್ಮ ಒಂದು ಕೇಸಿನಲ್ಲಿ ಸಿಕ್ಕಿಕೊಂಡು ನ್ಯಾಯಾಂಗ ಬಂಧನದಲ್ಲಿದ್ದಾನೆ. ಅವನಿಗೆ ಗೊತ್ತು ಮಾಡಿದ್ದ ಹುಡುಗಿ ಒಮ್ಮೆ ನೋಡಬೇಕು ಅನ್ನುತ್ತಿದ್ದಾಳೆ. ರಕ್ತಸಂಬಂಧಿಗಳನ್ನು ಬಿಟ್ಟು ಯಾರನ್ನೂ ಒಳಗೆ ಬಿಡಲ್ಲ ಅಂತಾರೆ. ನಿಜವಾ? ವಕೀಲರನ್ನೂ ನಮ್ಮ ಜೊತೆಗೇ ಕರೆದುಕೊಂಡು ಹೋಗಬಹುದಾ?
– ಓದುಗರೊಬ್ಬರು, ತುಮಕೂರು

ಉತ್ತರ: ನಿಜವಲ್ಲ. ಸ್ನೇಹಿತರಿಗೂ ಭೇಟಿಗೆ ಅವಕಾಶವಿದೆ. ಆದರೆ ಆಕೆಯ ಹೆಸರನ್ನು ನಿಮ್ಮ ತಮ್ಮನೇ ಕೊಡಬೇಕು. ಕೇಂದ್ರ ಸರ್ಕಾರದ 2016ರ ಮಾದರಿ ಕಾರಾಗೃಹ ಕೈಪಿಡಿ ಪ್ರಕಾರ, ಜೈಲಿಗೆ ಸೇರುವಾಗಲೇ ಕೈದಿ ತನ್ನನ್ನು ನೋಡಲು ಬರುವವರ ಪಟ್ಟಿ ಕೊಡಬೇಕು. ಆ ಗಾಬರಿಯಲ್ಲಿ ಅಪ್ಪ, ಅಮ್ಮ, ಅಣ್ಣನ ಹೆಸರು ಬಿಟ್ಟು ಬೇರೆ ಯಾರು ನೆನಪಾಗುತ್ತಾರೆ, ಅಲ್ವಾ? ಮುಂದಿನ ಸಲ ಹೋದಾಗ, ಆಕೆಯ ಹೆಸರನ್ನೂ ಸೇರಿಸಿ ಅಂತ ಸೂಪರಿಂಟೆಂಡೆಂಟ್‌ಗೆ ಅರ್ಜಿ ಕೊಡಲು ತಮ್ಮನಿಗೆ ಹೇಳಿ.

ಒಂದು ಸಲಕ್ಕೆ ಸಾಮಾನ್ಯವಾಗಿ ಮೂವರಿಗಿಂತ ಜಾಸ್ತಿ ಜನರನ್ನು ಬಿಡುವುದಿಲ್ಲ. ಭೇಟಿಯ ದಿನ, ಹೊತ್ತು ಜೈಲಿನ ಹೊರಗಿನ ಬೋರ್ಡಿನಲ್ಲಿರುತ್ತದೆ. ಇ-ಮುಲಾಕಾತ್ ವೆಬ್‌ಸೈಟಿನಲ್ಲಿ ಮೊದಲೇ ಬುಕ್ ಮಾಡಬಹುದು. ಅಲ್ಲಿ ತಮ್ಮನ ಹೆಸರಿನ ಜೊತೆ ತಂದೆಯ ಹೆಸರನ್ನೂ ಕೇಳುತ್ತಾರೆ. ಜೈಲಿನ ದಾಖಲೆಯಲ್ಲಿ ಹೇಗಿದೆಯೋ ಹಾಗೇ ತುಂಬಿ. ದಾಖಲೆಯಲ್ಲಿ 'ರಾಮಣ್ಣ' ಅಂತಿದ್ದು ನೀವು 'ರಾಮಯ್ಯ' ಅಂತ ಹಾಕಿದರೆ ಸುಮ್ನೆ ತೊಂದರೆ. ಹೋಗುವಾಗ ಬುಕ್ ಮಾಡುವಾಗ ತೋರಿಸಿದ ಗುರುತಿನ ಚೀಟಿಯ ಅಸಲಿಯನ್ನೇ ಒಯ್ಯಿರಿ. ಮೊಬೈಲ್ ಮಾತ್ರ ಬೇಡ.

ವಕೀಲರನ್ನು ನಿಮ್ಮ ಜೊತೆ ಸೇರಿಸಬೇಡಿ. ಅವರ ಭೇಟಿಯ ಲೆಕ್ಕವೇ ಬೇರೆ. ನಿಮ್ಮ ಭೇಟಿಯಲ್ಲಿ ಜೈಲು ಸಿಬ್ಬಂದಿ ಪಕ್ಕದಲ್ಲೇ ಇರಬಹುದು. ವಕೀಲರು ಮಾತಾಡುವಾಗ ಸಿಬ್ಬಂದಿ ದೂರದಿಂದ ನೋಡಬಹುದೇ ಹೊರತು ಮಾತು ಕೇಳಿಸಿಕೊಳ್ಳುವಂತಿಲ್ಲ. ಕೇಸಿನ ವಿಷಯವನ್ನು ಅವರಿಗೇ ಬಿಡಿ, ನೀವು ಮನೆ ಮಾತು ಆಡಿ.

ಭೇಟಿ ಅನ್ನುವುದು ಅಧಿಕಾರಿಗಳು ತೋರಿಸುವ ದಯೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಫ್ರಾನ್ಸಿಸ್ ಕೊರಾಲಿ ಮುಲಿನ್ ಎಂಬ ಬ್ರಿಟಿಷ್ ಮಹಿಳೆ ದೆಹಲಿಯ ತಿಹಾರ್ ಜೈಲಿನಲ್ಲಿದ್ದರು. ಪುಟ್ಟ ಮಗಳನ್ನು ನೋಡಲು ತಿಂಗಳಿಗೆ ಒಂದೇ ಭೇಟಿ. 1981ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮವನ್ನು ತಳ್ಳಿಹಾಕಿತು. ಮನೆಯವರನ್ನು, ಸ್ನೇಹಿತರನ್ನು ನೋಡುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದಿತು.

ಹಾಗಂತ ಯಾವತ್ತೂ ನಿರಾಕರಿಸುವಂತಿಲ್ಲ ಅಂತಲ್ಲ. ಭದ್ರತೆಯ ಕಾರಣಕ್ಕೆ ಸೂಪರಿಂಟೆಂಡೆಂಟ್ ಬೇಡ ಅನ್ನಬಹುದು. ಆದರೆ ಕಾರಣವನ್ನು ದಾಖಲಿಸಬೇಕು. ಗೇಟಿನಲ್ಲಿ ಜಗಳವಾಡದೆ ಆ ಕಾರಣವನ್ನು ಬರಹದಲ್ಲಿ ಕೇಳಿ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.